ಜೀಪಿನ ಮುಂದಿನ ಪ್ರೊಪೆಲ್ಲರ್ ಶಾಫ್ಟ್: ಜೋಡಣೆಯನ್ನು ಸುಧಾರಿಸುವ ಕ್ರಮ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ಸಮತಟ್ಟಾದ ಜಮೀನು ಕಡಿಮೆ. ಬಂಡೆಗಳ ನಡುವಿನ ಇಳಿಜಾರಿನಲ್ಲಿ ಹಿಪ್ಪುನೇರಳೆ, ಮಾವು, ರಾಗಿ, ಅವರೆ. ತಗ್ಗಿನಲ್ಲಿ ತೆಂಗು, ಬಾಳೆ. ಊರಿನಿಂದ ತೋಟಕ್ಕೆ ಹೋಗುವ ದಾರಿ ಎಷ್ಟೋ ಕಡೆ ಹಳ್ಳದಲ್ಲಿಳಿದು ದಿಬ್ಬ ಹತ್ತಿ ಹೋಗುತ್ತದೆ. ಮಳೆಗಾಲದಲ್ಲಿ ಇಂತಹ ದಾರಿಯಲ್ಲಿ ಗೊಬ್ಬರ, ಸೊಪ್ಪು, ಹಣ್ಣಿನ ಕ್ರೇಟುಗಳನ್ನು ಸಾಗಿಸಲು ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಶಕ್ತಿ ಹೋಗುವ ಜೀಪು ಅಥವಾ ಪಿಕಪ್ ವಾಹನ ಬಲು ಉಪಯುಕ್ತ. ಮಹೀಂದ್ರ ಕಂಪನಿಯವರು ಭಾರತದಲ್ಲಿ ವಿಲ್ಲಿಸ್ ಜೀಪಿನ ಜೋಡಣೆಯನ್ನು 1947ರಲ್ಲಿ ಆರಂಭಿಸಿದರು. ಅದೇ ವಂಶದ ಹಳೆಯ ಜೀಪುಗಳು ಇಂದಿಗೂ ಹಲವು ತೋಟದ ಮನೆಗಳ ಮುಂದೆ ನಿಂತಿವೆ. ಈಗ ನಾಲ್ಕು ಗಾಲಿ ಚಾಲನೆಯ ಹೈಲಕ್ಸ್ ಪಿಕಪ್ ವಾಹನವು 2022ರಿಂದ ಬಿಡದಿಯ ಟೊಯೊಟಾ ಕಾರ್ಖಾನೆಯಿಂದಲೇ ಹೊರಬರುತ್ತಿದೆ.

ರೇಷ್ಮೆ ಬೆಳೆಯುವವರಿಗೆ ವಾಹನವು ಬರಿಯ ಅನುಕೂಲದ ವಸ್ತುವಲ್ಲ. ಹುಳು ಹಣ್ಣಾಗಿ ಚಂದ್ರಿಕೆ ಏರಿದ ಐದಾರು ದಿನಗಳಲ್ಲಿ ಗೂಡು ಬಿಡಿಸಿ ಮಾರುಕಟ್ಟೆಗೆ ತಲುಪಿಸಬೇಕು. ತಡವಾದಷ್ಟೂ ಗೂಡು ಒಣಗಿ ತೂಕ ಇಳಿಯುತ್ತದೆ. ಇನ್ನೂ ತಡವಾದರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ಅಂತಹ ಗೂಡು ನೂಲು ಬಿಚ್ಚಾಣಿಕೆಗೆ ಬಾರದು. ಒಂದು ಬೆಳೆಯ ಗೂಡನ್ನೆಲ್ಲ ತುಂಬಿಕೊಂಡು ನಸುಕಿನಲ್ಲಿ ರಾಮನಗರದ ಗೂಡಿನ ಮಾರುಕಟ್ಟೆಗೆ ಹೊರಟ ಜೀಪು ಹಳ್ಳದ ಏರಿನಲ್ಲಿ 'ಟಕ್' ಎಂದು ನಿಂತರೆ, ಮುರಿದದ್ದು ಅಂಗೈಯಗಲದ ಒಂದು ಉಕ್ಕಿನ ಕ್ರಾಸ್ ಆದರೂ ನಷ್ಟ ಇಡೀ ಬೆಳೆಯದು. ಈ ಕಾರಣದಿಂದ ಮುಂದಿನ ಪ್ರೊಪೆಲ್ಲರ್ ಶಾಫ್ಟು ಮತ್ತು ಅದರ ಎರಡು ತುದಿಗಳ ಜೋಡಣೆಯ ವಿಷಯವನ್ನು ರೈತರು ತಾವೇ ತಿಳಿದಿರುವುದು ಅವಶ್ಯ. ಕೆಲಸವನ್ನು ಮೆಕ್ಯಾನಿಕ್ ಮಾಡಲಿ. ಏನು ಮಾಡಬೇಕು, ಏನು ಬೇಡ ಎಂಬ ತೀರ್ಮಾನ ಮಾತ್ರ ವಾಹನದ ಒಡೆಯನದಾಗಿರಬೇಕು.

ಶಕ್ತಿ ಮುಂದಿನ ಗಾಲಿಗೆ ಹೋಗುವ ಬಗೆ

ಎಂಜಿನ್ನಿನ ಶಕ್ತಿಯು ಗೇರ್‌ಬಾಕ್ಸಿನಿಂದ ಅದರ ಹಿಂದಿರುವ ಟ್ರಾನ್ಸ್‌ಫರ್ ಕೇಸಿಗೆ ಬರುತ್ತದೆ. ಅಲ್ಲಿ ಎರಡು ಕವಲಾಗಿ, ಒಂದು ಹಿಂದಿನ ಆಕ್ಸಲಿಗೂ ಇನ್ನೊಂದು ಮುಂದಿನ ಆಕ್ಸಲಿಗೂ ಹೋಗುತ್ತದೆ. ಮುಂದಕ್ಕೆ ಹೋಗುವ ಕೊಳವೆಯಾಕಾರದ ಶಾಫ್ಟೇ ಮುಂದಿನ ಪ್ರೊಪೆಲ್ಲರ್ ಶಾಫ್ಟು. ಟ್ರಾನ್ಸ್‌ಫರ್ ಕೇಸು ಚಾಸಿಗೆ ಬಿಗಿದಿರುತ್ತದೆ; ಮುಂದಿನ ಆಕ್ಸಲು ಪ್ಲೇಟು ಸ್ಪ್ರಿಂಗಿನ ಮೇಲೆ ಮೇಲಕ್ಕೂ ಕೆಳಕ್ಕೂ ಆಡುತ್ತಿರುತ್ತದೆ. ಒಂದು ತುದಿ ಸ್ಥಿರ, ಇನ್ನೊಂದು ತುದಿ ಚಲ. ಹೀಗಾಗಿ ಶಾಫ್ಟಿನ ಎರಡು ತುದಿಗಳಲ್ಲಿಯೂ ಬಾಗುವ ಕೀಲು ಬೇಕು, ನಡುವೆ ಉದ್ದ ಹೆಚ್ಚು ಕಡಿಮೆಯಾಗಲು ಜಾರುವ ಸ್ಪ್ಲೈನ್ ಬೇಕು. ಬಾಗುವ ಕೀಲೇ ಯೂನಿವರ್ಸಲ್ ಜಾಯಿಂಟ್. ಯೋಕ್ ಎಂಬ ಎರಡು ಕವೆಗಳು, ಅವುಗಳ ನಡುವೆ ನಾಲ್ಕು ತೋಳಿನ ಕ್ರಾಸ್, ಪ್ರತಿ ತೋಳಿನ ತುದಿಗೆ ಸೂಜಿಯಂತಹ ಸಣ್ಣ ರೋಲರುಗಳುಳ್ಳ ಬೇರಿಂಗ್ ಕಪ್ಪು—ಇಷ್ಟೇ ಇದರ ರಚನೆ.

ಈ ಕೀಲು ಹೊಸದೇನಲ್ಲ. ಇಟಲಿಯ ಕಾರ್ಡಾನೊ ಎಂಬಾತನ ಹೆಸರಿನಿಂದ ಕಾರ್ಡನ್ ಜಾಯಿಂಟ್ ಎಂದೂ, 17ನೇ ಶತಮಾನದಲ್ಲಿ ಇದರ ಚಲನೆಯನ್ನು ವಿವರಿಸಿದ ಇಂಗ್ಲೆಂಡಿನ ರಾಬರ್ಟ್ ಹುಕ್‌ನ ಹೆಸರಿನಿಂದ ಹುಕ್ ಜಾಯಿಂಟ್ ಎಂದೂ ಇದನ್ನು ಕರೆಯುತ್ತಾರೆ. ಮೋಟಾರು ವಾಹನಗಳಿಗೆ ಇದನ್ನು ಒಗ್ಗಿಸಿ ತಯಾರಿಸಿದವರಲ್ಲಿ ಅಮೆರಿಕದ ಸ್ಪೈಸರ್ ಮುಖ್ಯನು. ಅಂಗಡಿಗಳಲ್ಲಿ ಕ್ರಾಸಿನ ಅಳತೆಗೆ ಇಂದಿಗೂ ಅವನ ಹೆಸರೇ ನಡೆಯುತ್ತದೆ.

ಬಾಗಿ ತಿರುಗುವ ಕ್ರಾಸಿನ ದೋಷ

ಕ್ರಾಸ್ ನೇರವಾಗಿದ್ದಾಗ ಏನೂ ತೊಂದರೆಯಿಲ್ಲ. ಬಾಗಿ ತಿರುಗುವಾಗ ಮಾತ್ರ ಅದಕ್ಕೊಂದು ಹುಟ್ಟುಗುಣವಿದೆ. ಒಳಬರುವ ಶಾಫ್ಟು ಒಂದೇ ವೇಗದಲ್ಲಿ ತಿರುಗಿದರೂ ಹೊರಹೋಗುವ ಶಾಫ್ಟು ಒಂದು ಸುತ್ತಿನಲ್ಲಿ ಎರಡು ಸಲ ಮುನ್ನುಗ್ಗಿ, ಎರಡು ಸಲ ಹಿಂದುಳಿಯುತ್ತದೆ. ಬಾಗಿನ ಕೋನ ಹೆಚ್ಚಿದಂತೆ ಈ ಏರಿಳಿತವೂ ಹೆಚ್ಚುತ್ತದೆ. ಅದೂ ಒಂದೇ ಪ್ರಮಾಣದಲ್ಲಲ್ಲ. 10 ಡಿಗ್ರಿ ಬಾಗಿದಾಗ ವೇಗವು ಸರಾಸರಿಗಿಂತ ಶೇಕಡ 1.5ರಷ್ಟು ಆಚೀಚೆ ಆಗುತ್ತದೆ. 20 ಡಿಗ್ರಿಯಲ್ಲಿ ಶೇಕಡ 6ರಷ್ಟು. 30 ಡಿಗ್ರಿಯಲ್ಲಿ ಒಂದು ಕಡೆ ಶೇಕಡ 13, ಇನ್ನೊಂದು ಕಡೆ ಶೇಕಡ 15. ಕೋನ ಎರಡರಷ್ಟಾದರೆ ದೋಷ ನಾಲ್ಕರಷ್ಟಾಗುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು.

ಚನ್ನಪಟ್ಟಣದ ಬೊಂಬೆ ತಿರುವುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪಟ್ಟಡಿಗೆ ಕಚ್ಚಿಸಿದ ಆಲೆಮರದ ತುಂಡು ಕೂದಲೆಳೆಯಷ್ಟು ಓರೆಯಾಗಿದ್ದರೂ ಉಳಿ ಅದುರುತ್ತದೆ, ಅರಗು ಒಂದು ಕಡೆ ದಪ್ಪ, ಒಂದು ಕಡೆ ತೆಳು ಹತ್ತುತ್ತದೆ. ಅಲ್ಲಿ ಕೆಡುವುದು ಒಂದು ಬೊಂಬೆ. ಇಲ್ಲಿ ಬೇರಿಂಗು, ಆಯಿಲ್ ಸೀಲು, ಕೊನೆಗೆ ಕ್ರೌನ್ ಪಿನಿಯನ್.

ಹಾಗಾದರೆ ಕಾರ್ಖಾನೆಯಿಂದ ಬಂದ ಜೀಪು ಅದುರುವುದಿಲ್ಲವೇಕೆ? ಶಾಫ್ಟಿನ ಎರಡು ತುದಿಗಳಲ್ಲಿ ಎರಡು ಕ್ರಾಸುಗಳಿರುತ್ತವೆ. ಮೊದಲನೆಯದು ಹುಟ್ಟಿಸಿದ ಏರಿಳಿತವನ್ನು ಎರಡನೆಯದು ಅಳಿಸಿಹಾಕುತ್ತದೆ. ಇದಕ್ಕೆ ಎರಡು ಷರತ್ತುಗಳಿವೆ. ಎರಡು ತುದಿಗಳ ಬಾಗು ಸಮನಾಗಿರಬೇಕು. ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ನೇರದಲ್ಲಿರಬೇಕು. ಎರಡನೆಯ ಷರತ್ತನ್ನು ಕೆಡಿಸುವುದು ಬಹು ಸುಲಭ. ಗ್ರೀಸ್ ಹಾಕಲೆಂದೋ ಕ್ರಾಸ್ ಬದಲಿಸಲೆಂದೋ ಜಾರುವ ಸ್ಪ್ಲೈನನ್ನು ಎಳೆದು, ಮತ್ತೆ ಸೇರಿಸುವಾಗ ಒಂದೆರಡು ಹಲ್ಲು ಆಚೀಚೆ ಕೂರಿಸಿದರೆ ಕವೆಗಳ ನೇರ ತಪ್ಪುತ್ತದೆ. ಕಾಲು ಸುತ್ತು ತಪ್ಪಿದರಂತೂ ಎರಡನೆಯ ಕ್ರಾಸ್ ಮೊದಲಿನದರ ದೋಷವನ್ನು ಅಳಿಸುವ ಬದಲು ಅದಕ್ಕೆ ಕೂಡಿಸುತ್ತದೆ. ಆದುದರಿಂದ ಬಿಚ್ಚುವ ಮೊದಲೇ ಎರಡೂ ಭಾಗಗಳ ಮೇಲೆ ಸೆಂಟರ್ ಪಂಚಿನಿಂದ ಒಂದೊಂದು ಗುರುತು ಹೊಡೆದುಕೊಳ್ಳಬೇಕು. ಸೀಮೆಸುಣ್ಣದ ಗುರುತು ಗ್ರೀಸಿನಲ್ಲಿ ಉಳಿಯುವುದಿಲ್ಲ. 'ಕ್ರಾಸ್ ಹೊಸದು ಹಾಕಿಸಿದ ಮೇಲೆ ಗಾಡಿ ಮೊದಲಿಗಿಂತ ಹೆಚ್ಚು ಅದುರುತ್ತಿದೆ' ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ.

ಎತ್ತರಿಸಿದ ಜೀಪು

ಬಂಡೆ ತಗಲಬಾರದೆಂದು, ದೊಡ್ಡ ಟೈರು ಹಿಡಿಸಬೇಕೆಂದು ಸ್ಪ್ರಿಂಗಿಗೆ ಪ್ಲೇಟು ಸೇರಿಸಿ ಅಥವಾ ಉದ್ದನೆಯ ಶ್ಯಾಕಲ್ ಹಾಕಿ ಜೀಪನ್ನು ಎತ್ತರಿಸುವುದು ಈಗ ಸಾಮಾನ್ಯವಾಗಿದೆ. ಬೆಂಗಳೂರಿನಲ್ಲಿ ಹವ್ಯಾಸಕ್ಕಾಗಿ ಎತ್ತರಿಸಿದ ಜೀಪುಗಳು ಕೈ ಬದಲಾಗಿ ತೋಟದ ಕೆಲಸಕ್ಕೂ ಬರುತ್ತವೆ. ಕೊಳ್ಳುವವರು ಎತ್ತರವನ್ನೂ ಟೈರನ್ನೂ ನೋಡುತ್ತಾರೆ, ಕೆಳಗೆ ಬಗ್ಗಿ ಶಾಫ್ಟನ್ನು ನೋಡುವುದಿಲ್ಲ.

ಜೀಪಿನ ಮುಂದಿನ ಶಾಫ್ಟು ಬಲು ಗಿಡ್ಡ. ಕೀಲಿನಿಂದ ಕೀಲಿಗೆ 60 ಸೆಂ.ಮೀ. ಇದೆ ಎಂದಿಟ್ಟುಕೊಳ್ಳೋಣ. ಜೀಪನ್ನು 5 ಸೆಂ.ಮೀ. ಎತ್ತರಿಸಿದರೆ ಶಾಫ್ಟಿನ ಇಳಿಜಾರು ಹೆಚ್ಚುಕಡಿಮೆ 5 ಡಿಗ್ರಿ ಹೆಚ್ಚುತ್ತದೆ. 10 ಸೆಂ.ಮೀ. ಎತ್ತರಿಸಿದರೆ 9 ಡಿಗ್ರಿಗೂ ಮೇಲೆ. ಮೊದಲೇ 10 ಡಿಗ್ರಿ ಬಾಗಿದ್ದ ಮೇಲಿನ ಕ್ರಾಸಿಗೆ ಇಷ್ಟನ್ನು ಸೇರಿಸಿದರೆ ಅದರ ಪಾಡು ಏನಾಗುವುದೆಂದು ಮೇಲಿನ ಲೆಕ್ಕದಿಂದ ತಿಳಿಯಬಹುದು. ಹಳ್ಳಕ್ಕಿಳಿಯುವಾಗ ಒಂದು ಗಾಲಿ ಜೋತುಬಿದ್ದರೆ ಕೋನ ಇನ್ನೂ ಹೆಚ್ಚಿ ಕವೆಗೆ ಕವೆ ತಗುಲುವ ಸ್ಥಿತಿಯೂ ಬರುತ್ತದೆ. ಆಗ ಕ್ರಾಸ್ ಸವೆಯುವುದಿಲ್ಲ, ನೇರವಾಗಿ ಮುರಿಯುತ್ತದೆ.

ಇದರ ಜೊತೆಗೆ ಶಕ್ತಿಯ ಲೆಕ್ಕವೂ ಇದೆ. ಹಳೆಯ ಸಿ.ಜೆ. 3ಬಿ ಮಾದರಿಯ ಜೀಪಿನಲ್ಲಿ ಮೊದಲನೆಯ ಗೇರು ಎಂಜಿನ್ನಿನ ತಿರುಚುಬಲವನ್ನು ಸುಮಾರು 2.8 ಪಟ್ಟು ಹೆಚ್ಚಿಸುತ್ತದೆ. ಟ್ರಾನ್ಸ್‌ಫರ್ ಕೇಸಿನ ಲೋ ಗೇರು ಅದನ್ನು ಮತ್ತೆ ಸುಮಾರು 2.4 ಪಟ್ಟು ಹೆಚ್ಚಿಸುತ್ತದೆ. ಎರಡನ್ನೂ ಗುಣಿಸಿದರೆ ಆರೂವರೆ ಪಟ್ಟಿಗೂ ಮಿಕ್ಕಿ. ಹಿಂದಿನ ಗಾಲಿಗಳು ಕೆಸರಿನಲ್ಲಿ ಸುಮ್ಮನೆ ಸುತ್ತುತ್ತಿದ್ದು ಮುಂದಿನವು ಬಂಡೆಯನ್ನು ಕಚ್ಚಿದ ಗಳಿಗೆಯಲ್ಲಿ ಈ ಬಲದ ಬಹುಪಾಲು ಮುಂದಿನ ಶಾಫ್ಟಿನ ಆ ಎರಡು ಕ್ರಾಸುಗಳ ಮೂಲಕವೇ ಹೋಗಬೇಕು. ಕ್ಲಚ್ಚನ್ನು ಒಮ್ಮೆಲೇ ಬಿಟ್ಟು ಎಗರಿಸುವ ಅಭ್ಯಾಸವಿರುವವರ ಕೈಯಲ್ಲಿ ಯಾವ ಕ್ರಾಸೂ ಬಾಳುವುದಿಲ್ಲ.

ಮೊದಲು ಇರುವುದನ್ನು ಪರೀಕ್ಷಿಸಿ

ಹೊಸ ಸಾಮಾನು ಕೊಳ್ಳುವ ಮುಂಚೆ ಇರುವ ಶಾಫ್ಟನ್ನು ನೋಡಬೇಕು. ಸಮತಟ್ಟಾದ ಜಾಗದಲ್ಲಿ ವಾಹನ ನಿಲ್ಲಿಸಿ, ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಎಂಜಿನ್ ನಿಲ್ಲಿಸಿ ಕೀಲಿಕೈ ಜೇಬಿಗೆ ಹಾಕಿಕೊಂಡ ನಂತರವೇ ಕೆಳಗೆ ಹೋಗಬೇಕು. ಶಾಫ್ಟನ್ನು ಒಂದು ಕೈಯಲ್ಲಿ, ಕವೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಒಂದಕ್ಕೊಂದು ವಿರುದ್ಧವಾಗಿ ತಿರುಚಿದಾಗ ಕ್ರಾಸಿನಲ್ಲಿ ಸ್ವಲ್ಪವೂ ಆಟವಿರಕೂಡದು. ಕಪ್ಪಿನ ಅಂಚಿನಲ್ಲಿ ಕೆಂಪು ಪುಡಿ ಕಂಡರೆ ಒಳಗೆ ನೀರು ಸೇರಿ ಸೂಜಿ ರೋಲರುಗಳು ತುಕ್ಕು ಹಿಡಿದಿವೆ ಎಂದು ತಿಳಿಯಬೇಕು. ಕ್ರಾಸ್ ಸರಿಯಿದ್ದು, ಶಾಫ್ಟನ್ನು ಮೇಲೆ ಕೆಳಗೆ ಒತ್ತಿದಾಗ ಆಟ ಕಂಡುಬಂದರೆ ದೋಷ ಸ್ಪ್ಲೈನಿನಲ್ಲೋ ಟ್ರಾನ್ಸ್‌ಫರ್ ಕೇಸಿನ ಬೇರಿಂಗಿನಲ್ಲೋ ಇದೆ. ಆಗ ಕ್ರಾಸ್ ಬದಲಿಸಿ ಪ್ರಯೋಜನವಿಲ್ಲ.

ಗ್ರೀಸ್ ಗನ್ನಿನಿಂದ ಲಿಥಿಯಂ ಗ್ರೀಸನ್ನು ಒತ್ತಿದಾಗ ನಾಲ್ಕೂ ಕಪ್ಪುಗಳಿಂದ ಹಳೆಯ ಗ್ರೀಸು ಹೊರಬರಬೇಕು. ಮೂರರಿಂದ ಬಂದು ಒಂದರಿಂದ ಬಾರದಿದ್ದರೆ ಮೊದಲು ಕೆಡುವುದು ಆ ನಾಲ್ಕನೆಯದೇ. ಅರ್ಕಾವತಿಯನ್ನೋ ಇನ್ನಾವ ಹಳ್ಳವನ್ನೋ ನೀರು ಆಕ್ಸಲ್ ಮುಟ್ಟುವಂತೆ ದಾಟಿದ ದಿನ ಸಂಜೆಯೇ ಗ್ರೀಸ್ ಹೊಡೆಯುವುದು ಉತ್ತಮ. ನಾಳೆ ನೋಡೋಣವೆಂದರೆ ಒಳಗೆ ಸೇರಿದ ನೀರು ಅಷ್ಟರಲ್ಲಿ ತನ್ನ ಕೆಲಸ ಮಾಡಿರುತ್ತದೆ.

ಮುರಿದ ಕ್ರಾಸುಗಳಲ್ಲಿ ಎಷ್ಟೋ ಚಾಲಕರ ತಪ್ಪಿನಿಂದಲೇ ಮುರಿದವು. ಹಳೆಯ ಜೀಪಿನ ನಾಲ್ಕು ಗಾಲಿ ಚಾಲನೆ ಕೆಸರು, ಮರಳು, ಜಲ್ಲಿಯ ಮೇಲೆ ಬಳಸಲೆಂದು ಇರುವಂಥದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಸಡಿಲ ನೆಲದಲ್ಲಿ ಗಾಲಿ ಸ್ವಲ್ಪ ಜಾರಿ ಈ ವ್ಯತ್ಯಾಸ ತೀರುತ್ತದೆ. ಒಣಗಿದ ಟಾರು ರಸ್ತೆಯಲ್ಲಿ ಗಾಲಿ ಜಾರುವುದಿಲ್ಲ. ವ್ಯತ್ಯಾಸವೆಲ್ಲ ಶಾಫ್ಟಿನಲ್ಲಿ ಹುರಿಗಟ್ಟಿ ನಿಲ್ಲುತ್ತದೆ. ಲಿವರ್ ಬಿಗಿಯಾಗಿ ಹಿಂದಕ್ಕೆ ಬಾರದಿರುವುದು ಇದರ ಲಕ್ಷಣ. ಮುಂದೆ ಒಂದು, ಹಿಂದೆ ಇನ್ನೊಂದು ಅಳತೆಯ ಟೈರು ಹಾಕಿದಾಗಲೂ ಹೀಗೆಯೇ ಆಗುತ್ತದೆ. ಮಾಗಡಿ ರಸ್ತೆಗೆ ಹತ್ತುವ ಮೊದಲೇ ಲಿವರನ್ನು ಎರಡು ಗಾಲಿ ಚಾಲನೆಗೆ ತರುವುದು ಯಾವ ಖರ್ಚೂ ಇಲ್ಲದ ಸುಧಾರಣೆ.

ಯು ಬೋಲ್ಟಿನ ಬದಲು ಫ್ಲಾಂಜ್

ಹಲವು ಹಳೆಯ ಜೀಪುಗಳಲ್ಲಿ ಕ್ರಾಸಿನ ಎರಡು ಕಪ್ಪುಗಳನ್ನು ಪಿನಿಯನ್ನಿನ ಕವೆಯಲ್ಲಿ ಕೂರಿಸಿ ಎರಡು ಸಣ್ಣ ಯು ಬೋಲ್ಟುಗಳಿಂದ ಹಿಡಿದಿರುತ್ತಾರೆ. ಹಗುರ, ಅಗ್ಗ, ಹಾದಿಯಲ್ಲಿಯೂ ಬಿಚ್ಚಿ ಹಾಕಬಹುದು. ಆದರೆ ಇದರಲ್ಲಿ ಕೊರತೆಗಳಿವೆ. ಅತಿಯಾಗಿ ಬಿಗಿದರೆ ಕಪ್ಪು ಅಮುಕಿ ಸೂಜಿ ರೋಲರುಗಳು ತಿರುಗದೆ ಹೋಗುತ್ತವೆ; ಸಡಿಲ ಬಿಟ್ಟರೆ ಕಪ್ಪು ಕವೆಯೊಳಗೆ ಆಡಿ ಅದರ ಹೊಂಡವನ್ನೇ ಸವೆಸುತ್ತದೆ. ಒಮ್ಮೆ ಸವೆದ ಕವೆಗೆ ಎಂತಹ ಹೊಸ ಕ್ರಾಸ್ ಹಾಕಿದರೂ ನಿಲ್ಲದು. ಹಳೆಯ ಯು ಬೋಲ್ಟು ಎಳೆದು ಉದ್ದವಾಗಿರುತ್ತದೆಯಾದ್ದರಿಂದ ಕ್ರಾಸಿನೊಡನೆ ಅದನ್ನೂ ಬದಲಿಸಬೇಕು.

ಇದಕ್ಕೆ ಪರಿಹಾರವೆಂದರೆ ಕವೆಯ ಜಾಗದಲ್ಲಿ ಫ್ಲಾಂಜ್ ಹಾಕಿಸುವುದು. ಎರಡು ಚಪ್ಪಟೆ ಮುಖಗಳು ಒಂದಕ್ಕೊಂದು ಕೂತು, ನಡುವಿನ ಮೆಟ್ಟಿಲು ಅವುಗಳ ಕೇಂದ್ರವನ್ನು ಹಿಡಿದು, ನಾಲ್ಕು ಬೋಲ್ಟುಗಳು ಬಿಗಿಯುತ್ತವೆ. ಬೋಲ್ಟುಗಳನ್ನು ಬಿಚ್ಚಿದರೆ ಇಡೀ ಶಾಫ್ಟೇ ಹೊರಬರುತ್ತದೆ, ಕ್ರಾಸಿನ ಕಪ್ಪುಗಳನ್ನು ಮುಟ್ಟಬೇಕಾಗಿಲ್ಲ. ಹಳ್ಳದ ಮಧ್ಯೆ ಕ್ರಾಸ್ ಹೋದಾಗ ಮುಂದಿನ ಶಾಫ್ಟನ್ನು ಬಿಚ್ಚಿ ಹಿಂದಿನ ಗಾಲಿಗಳ ಮೇಲೆಯೇ ಮನೆಗೆ ಬರಲು ಇದರಿಂದ ಅನುಕೂಲ. ಸಾಮಾನ್ಯ ಬೋಲ್ಟು ಇಲ್ಲಿ ಸಲ್ಲದು. ತಲೆಯ ಮೇಲೆ 8.8 ಅಥವಾ 10.9 ಎಂದು ಅಚ್ಚಾಗಿರುವ ಗಟ್ಟಿ ಬೋಲ್ಟನ್ನೇ ಬಳಸಬೇಕು.

ಫ್ಲಾಂಜನ್ನು ಪಿನಿಯನ್ನಿಗೆ ಕೂರಿಸುವಾಗ ಎಚ್ಚರ ಬೇಕು. ಪಿನಿಯನ್ ಮುಂದಿನ ದೊಡ್ಡ ನಟ್ಟು ಕವೆಯನ್ನು ಮಾತ್ರ ಹಿಡಿದಿರುವುದಲ್ಲ, ಪಿನಿಯನ್ ಬೇರಿಂಗುಗಳ ಬಿಗಿಯೂ ಅದರಲ್ಲಿಯೇ ಇದೆ. ಕೆಲವು ವಾಹನಗಳಲ್ಲಿ ಈ ಬಿಗಿಯನ್ನು ಶಿಮ್ಮುಗಳು ಕಾಯುತ್ತವೆ. ಇನ್ನು ಕೆಲವದರಲ್ಲಿ ಒಳಗೊಂದು ಅಮುಕುವ ಕೊಳವೆ ಇದ್ದು, ಅಗತ್ಯಕ್ಕಿಂತ ಹೆಚ್ಚು ಬಿಗಿದರೆ ಅದು ಕುಸಿದು ಮತ್ತೆ ಸರಿಯಾಗುವುದಿಲ್ಲ. ಯಾವ ಬಗೆಯದೆಂದು ತಿಳಿಯದೆ ಉದ್ದನೆಯ ಪೈಪು ಹಾಕಿ ನಟ್ಟು ಬಿಗಿಯುವ ಮೆಕ್ಯಾನಿಕ್ಕಿನ ಕೈಗೆ ಈ ಕೆಲಸ ಕೊಡಬಾರದು. ಇದೇ ಸಮಯದಲ್ಲಿ ಹೊಸ ಆಯಿಲ್ ಸೀಲನ್ನೂ ಹಾಕಿಸಿಬಿಡಬೇಕು.

ಕ್ರಾಸಿನ ಗಾತ್ರ ಹೆಚ್ಚಿಸುವುದು ಇನ್ನೊಂದು ಆಲೋಚನೆ. ಸ್ಪೈಸರ್ 1310 ಎಂಬ ಅಳತೆಯ ಕ್ರಾಸಿನ ಕಪ್ಪು ಸುಮಾರು 27 ಮಿ.ಮೀ. ವ್ಯಾಸದ್ದು, 1350 ಎಂಬುದು ಸುಮಾರು 30 ಮಿ.ಮೀ. ನೋಡಲು ಮೂರೇ ಮಿ.ಮೀ., ತಾಳುವ ಬಲದಲ್ಲಿ ಅಂತರ ಬಹಳ. ಆದರೆ ಕ್ರಾಸ್ ಮುರಿಯುವುದೂ ಒಂದು ರೀತಿಯಲ್ಲಿ ವಿದ್ಯುತ್ ಫ್ಯೂಸ್ ಹೋದಂತೆಯೇ. ಕ್ರಾಸ್ ಗಟ್ಟಿಯಾದರೆ ಮುರಿಯುವ ಸರದಿ ಕ್ರೌನ್ ಪಿನಿಯನ್ನಿಗೋ ಆಕ್ಸಲ್ ಶಾಫ್ಟಿಗೋ ಬರುತ್ತದೆ. ಅವುಗಳ ಬೆಲೆಯ ಮುಂದೆ ಕ್ರಾಸಿನದು ಲೆಕ್ಕಕ್ಕಿಲ್ಲ. ಕಾರ್ಖಾನೆಯ ಎಂಜಿನ್ನು, ಕಾರ್ಖಾನೆಯ ಅಳತೆಯ ಟೈರು ಇರುವ ತೋಟದ ಜೀಪಿಗೆ ದೊಡ್ಡ ಕ್ರಾಸಿನ ಅಗತ್ಯ ಕಂಡುಬರುವುದಿಲ್ಲ. ಮೂಲದ ಅಳತೆಯ ಒಳ್ಳೆಯ ಕ್ರಾಸೊಂದನ್ನು ಕೊಂಡು, ಅದರ ಲಾಕುಗಳೊಡನೆ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳುವುದೇ ಮೇಲು.

ಜೋಡಿ ಕ್ರಾಸಿನ ಜಾಯಿಂಟ್

ಎತ್ತರಿಸಿದ ವಾಹನಕ್ಕೆ ಸರಿಯಾದ ಉತ್ತರವೆಂದರೆ ಟ್ರಾನ್ಸ್‌ಫರ್ ಕೇಸಿನ ತುದಿಯಲ್ಲಿ ಒಂಟಿ ಕ್ರಾಸಿನ ಬದಲು ಜೋಡಿ ಕ್ರಾಸಿನ ಜಾಯಿಂಟು. ಇದನ್ನು ಡಬಲ್ ಕಾರ್ಡನ್ ಎನ್ನುತ್ತಾರೆ. ಎರಡು ಕ್ರಾಸುಗಳನ್ನು ಬೆನ್ನಿಗೆ ಬೆನ್ನು ಸೇರಿಸಿ, ನಡುವೆ ಒಂದು ಗುಂಡು ಮತ್ತು ಬಟ್ಟಲು ಇಟ್ಟಿರುತ್ತಾರೆ. ಗುಂಡಿನ ಕೆಲಸವೆಂದರೆ ಬಾಗನ್ನು ಎರಡು ಕ್ರಾಸುಗಳಿಗೂ ಸರಿಪಾಲು ಹಂಚುವುದು. 15 ಡಿಗ್ರಿ ಬಾಗಿದ್ದರೆ ಒಂದೊಂದಕ್ಕೆ ಏಳೂವರೆ. ಒಂದರ ಏರಿಳಿತ ಇನ್ನೊಂದರಿಂದ ಅಲ್ಲಿಯೇ ಅಳಿದುಹೋಗುವುದರಿಂದ ಶಾಫ್ಟು ಒಂದೇ ವೇಗದಲ್ಲಿ ತಿರುಗುತ್ತದೆ.

ಹೀಗಾದ ಮೇಲೆ ಕೆಳತುದಿಯ ಒಂಟಿ ಕ್ರಾಸಿನ ದೋಷವನ್ನು ಅಳಿಸುವವರು ಯಾರೂ ಇಲ್ಲ. ಆದ್ದರಿಂದ ಅದು ಆದಷ್ಟು ನೇರವಾಗಿರಬೇಕು, ಎಂದರೆ ಪಿನಿಯನ್ನಿನ ಮೂತಿ ಶಾಫ್ಟಿನ ಕಡೆಗೇ ನೋಡಬೇಕು. ಪೂರ್ತಿ ನೇರವೂ ಬೇಡ. ಒಂದು ಡಿಗ್ರಿಯಷ್ಟಾದರೂ ಬಾಗಿದ್ದರೆ ಸೂಜಿ ರೋಲರುಗಳು ಅಲುಗಿ ಗ್ರೀಸು ಹರಡುತ್ತದೆ.

ಹಿಂದಿನ ಆಕ್ಸಲಿನಲ್ಲಿ ಪಿನಿಯನ್ನಿನ ಮೂತಿ ಎತ್ತುವುದು ಸುಲಭ; ಸ್ಪ್ರಿಂಗಿನ ಕೆಳಗೆ ಓರೆ ತುಂಡು ಕೊಟ್ಟು ಹೌಸಿಂಗನ್ನು ತಿರುಗಿಸಿದರಾಯಿತು. ಮುಂದಿನ ಆಕ್ಸಲಿನಲ್ಲಿ ಹಾಗೆ ಮಾಡಿದರೆ ಬೇರೊಂದು ಕೇಡು ಕಾದಿದೆ. ಮುಂದಿನ ಗಾಲಿ ತಿರುಗುವ ಕಿಂಗ್‌ಪಿನ್ನು ಅದೇ ಹೌಸಿಂಗಿನ ತುದಿಯಲ್ಲಿದೆ. ಅದರ ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಇದನ್ನು ಕ್ಯಾಸ್ಟರ್ ಎನ್ನುತ್ತಾರೆ, ಹಳೆಯ ಜೀಪುಗಳಲ್ಲಿ ಇದು ಸುಮಾರು 3 ಡಿಗ್ರಿ. ತಿರುವಿನ ನಂತರ ಸ್ಟೀರಿಂಗ್ ತಾನಾಗಿಯೇ ನೇರಕ್ಕೆ ಬರುವುದು ಈ ವಾಲುವಿಕೆಯಿಂದ. ಪಿನಿಯನ್ನಿನ ಮೂತಿಯನ್ನು 5 ಡಿಗ್ರಿ ಮೇಲಕ್ಕೆತ್ತಿದರೆ ಕಿಂಗ್‌ಪಿನ್ನು 5 ಡಿಗ್ರಿ ಮುಂದಕ್ಕೆ ವಾಲಿ, ಇದ್ದ 3 ಡಿಗ್ರಿಯೂ ಹೋಗಿ ಇನ್ನೆರಡು ಡಿಗ್ರಿ ಉಲ್ಟಾ ಆಗುತ್ತದೆ. ಶಾಫ್ಟಿನ ಅದುರು ನಿಲ್ಲಬಹುದು, ಆದರೆ ವಾಹನ ರಸ್ತೆಯಲ್ಲಿ ಅಡ್ಡಾದಿಡ್ಡಿ ಓಡುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ವೇಗದಲ್ಲಿ ಇದು ಪ್ರಾಣಕ್ಕೇ ಅಪಾಯ. ಹೌಸಿಂಗಿನ ತುದಿಗಳನ್ನು ಕತ್ತರಿಸಿ ತಿರುಗಿಸಿ ವೆಲ್ಡ್ ಮಾಡುವವರಿದ್ದಾರೆ. ತೋಟದ ವಾಹನಕ್ಕೆ ಅದು ಬೇಡ. ಶಾಫ್ಟಿಗೂ ಸ್ಟೀರಿಂಗಿಗೂ ಜಗಳ ಬಂದಾಗ ಸ್ಟೀರಿಂಗಿನ ಮಾತೇ ನಡೆಯಬೇಕು.

ಹಾಗೆಂದು ಜೋಡಿ ಕ್ರಾಸ್ ನಿಷ್ಪ್ರಯೋಜಕವೇನಲ್ಲ. ಒಂದು ಉದಾಹರಣೆ ನೋಡಬಹುದು. 5 ಸೆಂ.ಮೀ. ಎತ್ತರಿಸಿದ ಜೀಪೊಂದರಲ್ಲಿ ಮೇಲಿನ ಕೀಲಿನ ಬಾಗು 15 ಡಿಗ್ರಿ, ಕೆಳಗಿನದು 7 ಡಿಗ್ರಿ ಇದೆ ಎಂದುಕೊಳ್ಳೋಣ. ಎರಡೂ ಒಂಟಿ ಕ್ರಾಸುಗಳಾದರೆ ಅವು ಪರಸ್ಪರ ಪೂರ್ತಿ ಅಳಿಯದೆ 13 ಡಿಗ್ರಿ ಬಾಗಿದ ಒಂದು ಕ್ರಾಸಿನಷ್ಟು ದೋಷ ಉಳಿಯುತ್ತದೆ. ವೇಗ ಶೇಕಡ 2.6ರಷ್ಟು ಆಚೀಚೆ. ಮೇಲೆ ಜೋಡಿ ಕ್ರಾಸ್ ಹಾಕಿ, ಪಿನಿಯನ್ನನ್ನು ಮುಟ್ಟದೆ ಬಿಟ್ಟರೆ ಉಳಿಯುವುದು ಕೆಳಗಿನ 7 ಡಿಗ್ರಿಯ ದೋಷ ಮಾತ್ರ, ಶೇಕಡ 0.75. ಕೆಸರಿನಲ್ಲಿ ಮೆಲ್ಲಗೆ ಹೋಗುವಾಗ ಇದು ಗೊತ್ತೇ ಆಗುವುದಿಲ್ಲ.

ರಸ್ತೆಯ ವೇಗದ ಮಾತು ಬೇರೆ. ಮುಂದಿನ ಗಾಲಿಗಳಿಗೆ ಫ್ರೀ ವೀಲ್ ಹಬ್ ಇಲ್ಲದ ಜೀಪಿನಲ್ಲಿ ಎರಡು ಗಾಲಿ ಚಾಲನೆಯಲ್ಲಿದ್ದಾಗಲೂ ಮುಂದಿನ ಶಾಫ್ಟು ಗಾಲಿಯಿಂದಲೇ ತಿರುಗುತ್ತಿರುತ್ತದೆ. 72 ಸೆಂ.ಮೀ. ಎತ್ತರದ ಟೈರು, 5.38ರ ಆಕ್ಸಲ್ ಅನುಪಾತವಿದ್ದರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಶಾಫ್ಟು ನಿಮಿಷಕ್ಕೆ 2,400 ಸುತ್ತಿನ ಹತ್ತಿರ ತಿರುಗುತ್ತದೆ. ಆಗ ಸಣ್ಣ ದೋಷವೂ ದೊಡ್ಡ ಅದುರಾಗುತ್ತದೆ. ಫ್ರೀ ವೀಲ್ ಹಬ್ ಹಾಕಿಸಿ ರಸ್ತೆಯಲ್ಲಿ ಬಿಚ್ಚಿಟ್ಟರೆ ಶಾಫ್ಟು ನಿಂತೇ ಇರುತ್ತದೆ, ಅದುರಿನ ಪ್ರಶ್ನೆಯೇ ಏಳದು. ಎತ್ತರಿಸಿದ ಜೀಪು ಇರುವವರು ಜೋಡಿ ಕ್ರಾಸ್ ಮತ್ತು ಹಬ್ ಇವೆರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಮೊದಲು ಹಬ್ ಹಾಕಿಸುವುದೇ ಸರಿ. ಎರಡಕ್ಕೂ ಹಣವಿಲ್ಲದಿದ್ದರೆ ಸೇರಿಸಿದ ಪ್ಲೇಟುಗಳನ್ನು ತೆಗೆಸಿ ಜೀಪನ್ನು ಮೊದಲಿನ ಎತ್ತರಕ್ಕೆ ಇಳಿಸಬಹುದು. ಇಳಿಸುವುದನ್ನು ಸುಧಾರಣೆಯೆಂದು ಯಾರೂ ಕರೆಯುವುದಿಲ್ಲ, ಆದರೂ ಕ್ರಾಸಿಗೆ ಅದರಷ್ಟು ಹಿತವಾದದ್ದು ಮತ್ತೊಂದಿಲ್ಲ.

ಅಳತೆ ತೆಗೆಯುವ ಕ್ರಮ

ಜೋಡಿ ಕ್ರಾಸ್ ಹೆಚ್ಚು ಜಾಗ ಹಿಡಿಯುವುದರಿಂದ ಶಾಫ್ಟಿನ ಕೊಳವೆಯನ್ನು ಗಿಡ್ಡ ಮಾಡಬೇಕಾಗುತ್ತದೆ. ಅಳತೆಯನ್ನು ವಾಹನ ತನ್ನ ಗಾಲಿಗಳ ಮೇಲೆಯೇ ನಿಂತಿದ್ದಾಗ ಫ್ಲಾಂಜಿನ ಮುಖದಿಂದ ಫ್ಲಾಂಜಿನ ಮುಖಕ್ಕೆ ತೆಗೆಯಬೇಕು. ನಂತರ ಚಾಸಿಗೆ ಜಾಕಿ ಕೊಟ್ಟು, ಭದ್ರವಾದ ಸ್ಟ್ಯಾಂಡ್ ಇಟ್ಟು, ಆಕ್ಸಲು ಪೂರ್ತಿ ಜೋತುಬಿದ್ದಾಗ ಎರಡನೆಯ ಅಳತೆ. ಸ್ಪ್ರಿಂಗು ರಬ್ಬರ್ ಸ್ಟಾಪಿಗೆ ತಗುಲುವಷ್ಟು ಅಮುಕಿದಾಗ ಮೂರನೆಯದು. ಅತಿ ಉದ್ದದ ಸ್ಥಿತಿಯಲ್ಲಿ ಸ್ಪ್ಲೈನು ತನ್ನ ವ್ಯಾಸಕ್ಕಿಂತ ಹೆಚ್ಚು ಆಳ ಕಚ್ಚಿರಬೇಕು. ಅತಿ ಗಿಡ್ಡದ ಸ್ಥಿತಿಯಲ್ಲಿ ಇನ್ನೂ ಒಂದು ಅಂಗುಲ ಜಾರಲು ಜಾಗವಿರಬೇಕು. ಜಾಗವಿಲ್ಲದಿದ್ದರೆ ಗುಂಡಿಗೆ ಬಿದ್ದಾಗ ಶಾಫ್ಟು ಟ್ರಾನ್ಸ್‌ಫರ್ ಕೇಸಿನ ಬೇರಿಂಗನ್ನೇ ಹಿಂದಕ್ಕೆ ಗುದ್ದುತ್ತದೆ.

ಕೋನ ಅಳೆಯಲು ಗಾರೆ ಕೆಲಸದವರ ತೂಗುಗುಂಡು ಮತ್ತು ಶಾಲಾ ಮಕ್ಕಳ ಕೋನಮಾಪಕ ಸಾಕು. ಈಗಿನ ಮೊಬೈಲ್ ಫೋನುಗಳಲ್ಲಿ ಮಟ್ಟ ತೋರಿಸುವ ಸೌಲಭ್ಯವೂ ಇದೆ. ಫೋನನ್ನು ಶಾಫ್ಟಿನ ಮೇಲೆ, ನಂತರ ಫ್ಲಾಂಜಿನ ಮುಖಕ್ಕೆ ಹಿಡಿದು ಎರಡರ ವ್ಯತ್ಯಾಸ ತೆಗೆದರೆ ಆ ಕೀಲಿನ ಬಾಗು ದೊರೆಯುತ್ತದೆ. ಫ್ಲಾಂಜಿನ ಮುಖವು ಪಿನಿಯನ್ನಿಗೆ ಲಂಬವಾಗಿರುವುದರಿಂದ ಆ ಅಳತೆಗೆ 90 ಡಿಗ್ರಿಯ ಲೆಕ್ಕ ಹಿಡಿಯಲು ಮರೆಯಬಾರದು. ಶಾಫ್ಟನ್ನು ಕತ್ತರಿಸಿ ಬೆಸೆದ ಮೇಲೆ ಲೇತಿನಲ್ಲಿಟ್ಟು ಓಟ ನೋಡಿ, ತೂಕ ಸಮ ಮಾಡಿಸಬೇಕು. ಬರಿಗಣ್ಣಿನಿಂದ ನೋಡಿ ನೇರ ಮಾಡಿದ ಶಾಫ್ಟು ರಸ್ತೆಗೆ ಬಂದಾಗ ತನ್ನ ಓರೆಯನ್ನು ತಾನೇ ಹೇಳುತ್ತದೆ.

ಜೋಡಿ ಕ್ರಾಸಿನ ನಡುವಿನ ಗುಂಡಿಗೆ ಪ್ರತ್ಯೇಕ ಗ್ರೀಸ್ ರಂಧ್ರವಿರುತ್ತದೆ. ಅದು ಒಳಗೆ ಅಡಗಿದ್ದು ಸಾಮಾನ್ಯ ಗ್ರೀಸ್ ಗನ್ನಿನ ಮೂತಿಗೆ ಎಟುಕುವುದಿಲ್ಲ. ಸೂಜಿ ಮೂತಿ ಬೇಕು. ಈ ಜಾಯಿಂಟುಗಳು ಬೇಗ ಕೆಡುವುದಕ್ಕೆ ಬಹುಮಟ್ಟಿಗೆ ಈ ಒಂದು ರಂಧ್ರದ ಮರೆವೇ ಕಾರಣ.

ಶಾಫ್ಟಿನ ಮುಂತುದಿಯ ಹತ್ತಿರ ಚಾಸಿಗೆ ಒಂದು ಉಕ್ಕಿನ ಕಾವಲು ಬಳೆ ಕಟ್ಟಿಸುವುದು ಒಳ್ಳೆಯದು. ಮುಂದಿನ ಕ್ರಾಸ್ ಮುರಿದು ಆ ತುದಿ ಕೆಳಗೆ ಬಿದ್ದರೆ, ಓಡುತ್ತಿರುವ ವಾಹನದಲ್ಲಿ ಅದು ಹಾರೆಯಂತೆ ನೆಲಕ್ಕೆ ನಾಟಿಕೊಳ್ಳುತ್ತದೆ. ಬಳೆಯು ಆಕ್ಸಲ್ ಪೂರ್ತಿ ಏರಿದಾಗಲೂ ಇಳಿದಾಗಲೂ ಶಾಫ್ಟಿಗೆ ತಾಗದಷ್ಟು ಅಗಲವಿರಬೇಕು.

ಹೊಸ ಪಿಕಪ್ಪುಗಳ ವಿಷಯ

ಹೈಲಕ್ಸ್‌ನಂತಹ ಪಿಕಪ್ಪುಗಳಲ್ಲಿ ಮುಂದೆ ಉದ್ದನೆಯ ಆಕ್ಸಲ್ ಹೌಸಿಂಗ್ ಇಲ್ಲ. ಡಿಫರೆನ್ಷಿಯಲ್ಲು ಚಾಸಿಗೇ ಬಿಗಿದಿದ್ದು, ಅಲ್ಲಿಂದ ಎಡ ಬಲ ಗಾಲಿಗಳಿಗೆ ಎರಡು ಗಿಡ್ಡ ಶಾಫ್ಟುಗಳು ಹೋಗುತ್ತವೆ. ಗಾಲಿ ಏರಿಳಿದರೂ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗುವುದಿಲ್ಲ. ಇಂತಹ ವಾಹನವನ್ನು ಎತ್ತರಿಸಿದಾಗ ನರಳುವುದು ಆ ಎರಡು ಅಡ್ಡ ಶಾಫ್ಟುಗಳ ಜಾಯಿಂಟುಗಳು. ಅವುಗಳ ರಬ್ಬರ್ ಚೀಲ ಹರಿದು ಮರಳು ಸೇರಿದರೆ ಒಳಗಿನ ಗುಂಡುಗಳು ಬೇಗನೆ ಸವೆಯುತ್ತವೆ. ಲಂಟಾನ ಪೊದೆ, ಕೊರಕಲು ದಾರಿಯಲ್ಲಿ ಓಡಾಡುವವರು ತಿಂಗಳಿಗೊಮ್ಮೆಯಾದರೂ ಈ ಚೀಲಗಳನ್ನು ಮುಟ್ಟಿ ನೋಡಬೇಕು. ಗ್ಯಾರಂಟಿ ಅವಧಿಯಲ್ಲಿರುವ ವಾಹನದಲ್ಲಿ ಯಾವ ಮಾರ್ಪಾಡನ್ನೂ ಮಾಡಿಸದಿರುವುದೇ ಲೇಸು.

ಕಾನೂನಿನ ಮಾತನ್ನೂ ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರ ಮೂಲ ನಿರ್ದೇಶನಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಸವೆದ ಕ್ರಾಸ್ ತೆಗೆದು ಅದೇ ಅಳತೆಯ ಹೊಸದು ಹಾಕುವುದು ದುರಸ್ತಿ. ಚಾಸಿಯ ಎತ್ತರ, ಆಕ್ಸಲ್, ಸ್ಟೀರಿಂಗ್ ಬದಲಿಸುವುದು ಹಾಗಲ್ಲ. ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ಅಪಘಾತವಾದಾಗ ವಿಮೆಯ ಪರಿಹಾರಕ್ಕೂ ಇದರಿಂದ ತೊಡಕಾಗಬಹುದು.

ಟ್ರ್ಯಾಕ್ಟರಿನ ಪಿ.ಟಿ.ಒ. ಶಾಫ್ಟು

ಜೀಪು ಇಲ್ಲದ ರೈತರ ಮನೆಯಲ್ಲಿಯೂ ಇದೇ ಕ್ರಾಸ್ ಇದೆ: ರೋಟವೇಟರಿಗೆ ಶಕ್ತಿ ಕೊಡುವ ಪಿ.ಟಿ.ಒ. ಶಾಫ್ಟಿನಲ್ಲಿ. ಮೇಲೆ ಹೇಳಿದ ಕವೆಗಳ ನೇರ, ಸಮನಾದ ಬಾಗು, ಸ್ಪ್ಲೈನಿನ ಕಚ್ಚು ಎಲ್ಲವೂ ಇಲ್ಲಿಗೂ ಸಲ್ಲುತ್ತವೆ. ಹಿಪ್ಪುನೇರಳೆ ಸಾಲಿನ ತುದಿಯಲ್ಲಿ ತಿರುಗಿಸಲು ರೋಟವೇಟರನ್ನು ಎತ್ತುವಾಗ ಕೋನ ಒಮ್ಮೆಲೇ ಹೆಚ್ಚುತ್ತದೆಯಾದ್ದರಿಂದ ಪಿ.ಟಿ.ಒ. ನಿಲ್ಲಿಸಿಯೇ ಎತ್ತಬೇಕು.

ಜೀಪಿನ ಶಾಫ್ಟು ವಾಹನದ ಅಡಿಯಲ್ಲಿದೆ, ಪಿ.ಟಿ.ಒ. ಶಾಫ್ಟು ಮನುಷ್ಯನ ಮೊಣಕಾಲಿನ ಮಟ್ಟದಲ್ಲಿ ಬಯಲಲ್ಲಿದೆ. ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ 9 ಸುತ್ತು. 8 ಸೆಂ.ಮೀ. ದಪ್ಪದ ಕವೆಗೆ ಪಂಚೆಯ ಚುಂಗೋ ಸೀರೆಯ ಸೆರಗೋ ಸಿಕ್ಕಿದರೆ ಒಂದು ಸೆಕೆಂಡಿನಲ್ಲಿ ಎರಡು ಮೀಟರಿಗೂ ಹೆಚ್ಚು ಬಟ್ಟೆ ಸುತ್ತಿಕೊಳ್ಳುತ್ತದೆ. ಕೂಗಲೂ ಸಮಯವಿರದು. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚವನ್ನು ಗ್ರೀಸ್ ಹೊಡೆಯಲು ಅಡ್ಡಿಯೆಂದು ಕಿತ್ತು ಕೊಟ್ಟಿಗೆಯಲ್ಲಿ ಎಸೆದಿರುವವರು ಇಂದೇ ಅದನ್ನು ಹುಡುಕಿ ಹಾಕಬೇಕು. ಒಡೆದಿದ್ದರೆ ಹೊಸದನ್ನು ತರಬೇಕು. ಕವಚ ಹಾಕಿದ ಮೇಲೆ ಅದರ ಸಣ್ಣ ಸರಪಳಿಯನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಬೇಕು, ಇಲ್ಲವಾದರೆ ಕವಚವೂ ಶಾಫ್ಟಿನೊಡನೆಯೇ ತಿರುಗುತ್ತದೆ.

ಜೀಪಿನ ಶಾಫ್ಟಿಗೆ ಹೊಸ ಕ್ರಾಸನ್ನಾಗಲಿ ಫ್ಲಾಂಜನ್ನಾಗಲಿ ಹಾಕಿಸಿದವರು ಮೊದಲ 50 ಕಿ.ಮೀ. ಓಡಿಸಿದ ನಂತರ ನಾಲ್ಕೂ ಬೋಲ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರು ಹಾಕಿ ನೋಡಬೇಕು. ಸೀಲಿನ ಬುಡದಲ್ಲಿ ಎಣ್ಣೆ ಜಿನುಗಿದೆಯೇ ಎಂಬುದನ್ನೂ ಆಗಲೇ ಗಮನಿಸಬೇಕು. ಗೂಡು ತುಂಬಿಕೊಂಡು ಹೊರಡುವ ದಿನಕ್ಕೆ ಮುಂಚಿನ ವಾರವೇ ಈ ಓಟ ಮುಗಿದಿರಲಿ.